ಒಂದೇ ನಂಬರಿನ ಇಬ್ಬರು

ನಮ್ಮ ಕಾಫಿ ತೋಟದಲ್ಲಿ ಆಳುಗಳಿಗೆ ಹೆಸರಿಗಿಂತ ನಂಬರು ಮುಖ್ಯವಾಗಿತ್ತು. ಇದನ್ನು ಮೊದಲೇ ಹೇಳದಿದ್ದರೆ ಮುಂದೆ ನಡೆದದ್ದು ಅರ್ಥವಾಗುವುದಿಲ್ಲ. ಒಂದೇ ಹೆಸರಿನ ಏಳೆಂಟು ಹೆಂಗಸರು ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ ಇರುತ್ತಿದ್ದರು. ಬೆಳಿಗ್ಗೆ ಹಾಜರಿ ಕೂಗುವಾಗ ಹೆಸರು ಹೇಳಿದರೆ ಮೂರು ಕಡೆಯಿಂದ ಉತ್ತರ ಬರುತ್ತಿತ್ತು. ಹಾಗಾಗಿ ನಂಬರು. ಅದರ ಜೊತೆಗೆ ಲೈನಿನಲ್ಲಿ ಒಂದು ಮನೆ, ಹಣ್ಣು ಅಳೆಯುವಾಗ ನಿಲ್ಲುವ ಜಾಗ, ಮಳೆಗಾಲಕ್ಕೆ ಮೊದಲು ಕಂಬಳಿ ಹಂಚುವಾಗಿನ ಸರದಿ ಎಲ್ಲ ಬರುತ್ತಿದ್ದವು. ತಾಯಿಗೆ ಕೈಲಾಗದೆ ಹೋದಾಗ ನಂಬರು ಮಗಳಿಗೆ ಹೋಗುತ್ತಿತ್ತು. ಅದಕ್ಕೆ ಅರ್ಜಿ ಇರಲಿಲ್ಲ, ಸಹಿಯೂ ಇರಲಿಲ್ಲ. ತಾಯಿ ಒಂದು ಬೆಳಿಗ್ಗೆ ಮಗಳನ್ನು ಕರೆತಂದು ಸಾಲಿನಲ್ಲಿ ತನ್ನ ಜಾಗದಲ್ಲಿ ನಿಲ್ಲಿಸಿ, ಮೇಸ್ತ್ರಿಗೆ ಎಲೆಅಡಿಕೆ ಕೊಟ್ಟು ಹಿಂದೆ ಸರಿಯುತ್ತಿದ್ದಳು. ತೋಟದ ಲೆಕ್ಕ ಬರೆಯುವ ರೈಟರ್ ಆದವನು ಹಾಜರಿ ಪುಸ್ತಕದಲ್ಲಿ ತಾಯಿಯ ಹೆಸರಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಮಗಳ ಹೆಸರು ಬರೆದು ತಾರೀಖು ಹಾಕುತ್ತಿದ್ದ. ಅಷ್ಟೇ. ಕೆಲಸದ ವರ್ಷಗಳು ಅಲ್ಲಿ ಕಡಿದುಹೋಗುತ್ತಿರಲಿಲ್ಲ. ನಂಬರಿನ ಜೊತೆಯಲ್ಲೇ ಮುಂದುವರಿಯುತ್ತಿದ್ದವು. ಈ ಪದ್ಧತಿ ಹಳೆಯ ಸಾಹುಕಾರರ ಕಾಲದ್ದು. ನಾನು ಸೇರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ನಾನು ಸೇರಿದ್ದು ಎಪ್ಪತ್ತರ ದಶಕದ ನಡುವೆ, ಗೋಣಿಬೀಡಿನಿಂದ ಜೀಪಿನಲ್ಲಿ ಮುಕ್ಕಾಲು ಗಂಟೆ ಒಳಗಿರುವ ಆ ಕಾಫಿ ಎಸ್ಟೇಟಿಗೆ, ರೈಟರ್ ಆಗಿ. ಹಾಜರಿ ಪುಸ್ತಕ ಕೈಗೆ ಬಂದ ಮೊದಲ ದಿನ ನೂರಾ ಹದಿನೆಂಟನೆಯ ನಂಬರಿನಲ್ಲಿ ಗೆರೆ ಎಳೆದಿದ್ದ ಹೆಸರನ್ನೇ ಓದಿಬಿಟ್ಟೆ. ಸಾಲಿನಲ್ಲಿದ್ದವರು ನಕ್ಕರು.

"ಅದು ನಮ್ಮವ್ವ ರೈಟ್ರೆ. ಮನೇಲಿ ಒಲೆ ಮುಂದೆ ಕೂತವ್ಳೆ. ಕರ್ಕಂಡು ಬರ್ಲಾ?" ಎಂದಳು ಅಲ್ಲಿ ನಿಂತಿದ್ದ ಹೆಂಗಸು.

"ಬೇಡ, ಕೂತಿರ್ಲಿ," ಎಂದೆ.

"ಹಾಜರಿ ಹಾಕ್ತೀರಾದ್ರೆ ಬತ್ತಾಳೆ," ಎಂದು ಪಕ್ಕದವಳು ಸೇರಿಸಿದಳು. ಮತ್ತೆ ನಗು.

ಆಗ ಅವಳಿಗೆ ಮೂವತ್ತರ ಒಳಗೆ. ಗಂಡ ಘಟ್ಟದ ಕೆಳಗೆ ಹೋದವನು ವಾಪಸು ಬಂದಿರಲಿಲ್ಲ. ಲೈನಿನ ಕೊನೆಯ ಮನೆಯಲ್ಲಿ ಅವಳು ಮತ್ತು ತಾಯಿ ಇಬ್ಬರೇ. ಹಣ್ಣು ಕೊಯ್ಯುವುದರಲ್ಲಿ ಅವಳಷ್ಟು ಶುದ್ಧವಾಗಿ ಕೆಲಸ ಮಾಡುವವರು ಕಡಿಮೆ. ಅವಳ ಬುಟ್ಟಿಯಲ್ಲಿ ಹಸಿರು ಕಾಯಿ ಕಾಣುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲಿಗೆ ತಾಯಿ ತೀರಿಕೊಂಡಳು. ಆ ದಿನ ಒಂದೇ ಅವಳು ಹಾಜರಿಗೆ ಬರಲಿಲ್ಲ. ಮನೆ ಅವಳ ನಂಬರಿನ ಮೇಲೆ ಇದ್ದದ್ದರಿಂದ ಅವಳಲ್ಲಿಯೇ ಉಳಿಯಿತು. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ.

ಅದಾದ ಎರಡು ಮೂರು ವರ್ಷಕ್ಕೆ ಆಡಳಿತ ಹಳೆಯ ಸಾಹುಕಾರರ ಮೊಮ್ಮಗನಿಗೆ ಬಂತು. ನಾವು ಅವರನ್ನು ಸಣ್ಣ ಸಾಹುಕಾರರು ಎನ್ನುತ್ತಿದ್ದೆವು. ಅವರು ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ಕಂಪ್ಯೂಟರ್ ತಂದರು. ಜೀಪಿನ ಹಿಂದೆ ಗೋಣಿಚೀಲ ಹಾಸಿ, ಕಂಬಳಿ ಸುತ್ತಿ, ಇಬ್ಬರು ಆಳುಗಳು ಅದನ್ನು ಮಗುವಿನಂತೆ ಹಿಡಿದು ಕೂತಿದ್ದರು. ಯಂತ್ರ ಒಂದು, ಅದರೊಳಗೆ ಓಡುವ ಪ್ರೋಗ್ರಾಂ ಬೇರೆ, ಅದನ್ನು ಬರೆದು ಮಾರುವ ಕಂಪನಿಗಳೂ ಬೇರೆ ಎಂಬುದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ತೋಟಗಳ ಹಾಜರಿಗೆಂದು ಬೆಂಗಳೂರಿನ ಎರಡು ಕಂಪನಿಗಳು ಪ್ರೋಗ್ರಾಂ ಮಾರುತ್ತಿದ್ದವು. ದೊಡ್ಡ ಕಂಪನಿಯದನ್ನು ಕಳಸದ ಕಡೆ ಕೆಲವು ತೋಟದವರು ತೆಗೆದುಕೊಂಡಿದ್ದರು. ನಮ್ಮ ಸಾಹುಕಾರರು ಸಣ್ಣ ಕಂಪನಿಯದನ್ನು ತೆಗೆದುಕೊಂಡರು. ಅದರಲ್ಲಿ ಇದ್ದವರೇ ಮೂರು ಜನ.

ಮೂವರಲ್ಲಿ ಒಬ್ಬ ಹುಡುಗ, ಇಪ್ಪತ್ತೈದು ವರ್ಷದವನು, ನಮ್ಮಲ್ಲಿ ಬಂದು ಮೂರು ವಾರ ಉಳಿದ. ಬೆಳಿಗ್ಗೆ ನನ್ನ ಜೊತೆ ಹಾಜರಿಗೆ ಬಂದು ಕಲ್ಲಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದ. ಒಂದು ನಂಬರಿಗೆ ಎರಡು ಹೆಸರು ಯಾಕಿದೆ ಎಂದು ಕೇಳಿದ. ಹೇಳಿದೆ. ಅವನು ಅದನ್ನು ಬರೆದುಕೊಂಡು, "ಇದು ನಮ್ಮ ಲೆಕ್ಕದಲ್ಲಿ ಇರ್ಲಿಲ್ಲ ಸಾರ್, ಮಾಡೋಣ," ಎಂದ. ಎರಡು ದಿನ ಬಾಗಿಲು ಹಾಕಿಕೊಂಡು ಕೂತು ಹೊಸದೊಂದು ಕಾಲಂ ಸೇರಿಸಿದ. ಪರದೆಯ ಮೇಲೆ ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ 'ಯಾರ ಜಾಗ' ಎಂದೇ ಹೆಸರಿಟ್ಟ. ನೂರಾ ಹದಿನೆಂಟು ಒತ್ತಿದರೆ ಅವಳ ಹೆಸರು, ಅದರ ಕೆಳಗೆ ಯಾರ ಜಾಗ ಎಂಬಲ್ಲಿ ತಾಯಿಯ ಹೆಸರು, ತಾಯಿ ಸೇರಿದ ತಾರೀಖು, ನಂಬರು ಕೈಬದಲಾದ ತಾರೀಖು ಎಲ್ಲ ಬರುತ್ತಿದ್ದವು. ನಾನು ಹಳೆಯ ಪುಸ್ತಕಗಳನ್ನು ನೋಡಿ ಒಂದೊಂದನ್ನೂ ತುಂಬಿದೆ. ಅಂಥ ಕೈಬದಲಾದ ನಂಬರುಗಳು ಹನ್ನೊಂದು ಇದ್ದವು.

ಇಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಬರೆಯಬೇಕು. ಯಂತ್ರಕ್ಕೆ ಧೂಳು, ತೇವ ಎರಡೂ ಆಗದು ಎಂದಿದ್ದರು. ಆಫೀಸಿನಲ್ಲಿ ಹಲಗೆಯ ಮುಚ್ಚಿಗೆ ಇದ್ದದ್ದು ಒಂದೇ ಕೋಣೆಗೆ, ಹಳೆಯ ಪುಸ್ತಕಗಳನ್ನು ಇಟ್ಟಿದ್ದ ಕೋಣೆಗೆ. ಎಲ್ಲವೂ ಯಂತ್ರದೊಳಗೆ ಹೋದ ಮೇಲೆ ಪುಸ್ತಕಗಳೇಕೆ ಎಂದು ನಾನೇ ಸಾಹುಕಾರರಿಗೆ ಹೇಳಿದೆ. ಕಾನೂನಿಗೆ ಬೇಕಾದ ಕೆಲವು ವರ್ಷದವನ್ನು ಕಪಾಟಿನಲ್ಲಿ ಉಳಿಸಿಕೊಂಡು, ಅದಕ್ಕೂ ಹಿಂದಿನವನ್ನೆಲ್ಲ ಮೂಡಿಗೆರೆಯ ರದ್ದಿ ಅಂಗಡಿಗೆ ಹಾಕಿದೆವು. ನಾನೇ ಜೀಪಿನಲ್ಲಿ ಜೊತೆಗೆ ಹೋಗಿ ತೂಕ ಮಾಡಿಸಿ ಬಂದೆ. ಗೆದ್ದಲು ಹಿಡಿದ ಪುಸ್ತಕಗಳು ಹೋಗಿ ಕೋಣೆ ಶುದ್ಧವಾಯಿತೆಂದು ನನಗೆ ಸಮಾಧಾನವಾಗಿತ್ತು.

ಆ ಪ್ರೋಗ್ರಾಂ ನಮಗೆ ಹಿಡಿಸಿತು. ಮೂಡಿಗೆರೆ ಸುತ್ತಿನ ಏಳು ತೋಟಗಳು ಅದನ್ನೇ ತೆಗೆದುಕೊಂಡವು. ಏಳು ಜನ ರೈಟರುಗಳು ಸಂತೆಯ ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಸೇರತೊಡಗಿದೆವು. ಅದಕ್ಕೆ ಮೊದಲು ಒಬ್ಬರಿಗೊಬ್ಬರು ನಮಸ್ಕಾರ ಹೇಳುವಷ್ಟೇ ಪರಿಚಯ. ಈಗ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಲೆಕ್ಕ ತುಂಬಿಡುವ ಫ್ಲಾಪಿ ತಟ್ಟೆಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು ಎಂಬ ಮಾತು. ನಾನು ಫ್ಲಾಪಿಗಳನ್ನು ಕಪಾಟಿನಲ್ಲಿಟ್ಟು ಒಳಗೆ ಸಣ್ಣ ಬಲ್ಬು ಉರಿಸುತ್ತಿದ್ದೆ. ಗೋಣಿಬೀಡಿನ ಹಿರಿಯ ರೈಟರೊಬ್ಬರು ಹುರಿದ ಅಕ್ಕಿಯ ಡಬ್ಬಿಯಲ್ಲಿ ಇಡುತ್ತಿದ್ದರು. ಏನಾದರೂ ಕೆಟ್ಟರೆ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡುತ್ತಿದ್ದೆವು. ಆ ಹುಡುಗನೇ ಫೋನ್ ಎತ್ತುತ್ತಿದ್ದ. ಹಲೋ ಎಂದ ಕೂಡಲೇ ಯಾವ ತೋಟ ಎಂದು ಅವನಿಗೆ ಗೊತ್ತಾಗುತ್ತಿತ್ತು. "ಮಳೆ ಬಂತಾ ಸಾರ್?" ಎಂದು ಕೇಳಿಯೇ ಮುಂದಿನ ಮಾತು.

ವರ್ಷಕ್ಕೊಮ್ಮೆ ಆ ಕಂಪನಿ ಒಂದು ಫ್ಲಾಪಿಯನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಅದನ್ನು ಹಾಕದಿದ್ದರೆ ಹೊಸ ವರ್ಷಕ್ಕೆ ಪ್ರೋಗ್ರಾಂ ತೆರೆಯುತ್ತಿರಲಿಲ್ಲ. ನಾವು ಅದನ್ನು ಕೀಲಿ ಎನ್ನುತ್ತಿದ್ದೆವು.

ನಾಲ್ಕನೆಯ ವರ್ಷ ಕೀಲಿ ಬರಬೇಕಾದ ಹೊತ್ತಿಗೆ ಒಂದು ಕಾಗದ ಬಂತು. ಸಣ್ಣ ಕಂಪನಿಯನ್ನು ದೊಡ್ಡ ಕಂಪನಿ ಕೊಂಡುಕೊಂಡಿದೆ, ಇನ್ನು ಮುಂದೆ ಗ್ರಾಹಕರಿಗೆ ಇನ್ನೂ ಉತ್ತಮ ಸೇವೆ ಸಿಗಲಿದೆ ಎಂದು ಅದರಲ್ಲಿತ್ತು. ಕೀಲಿಯ ಮಾತು ಇರಲಿಲ್ಲ. ಏಳೂ ತೋಟಗಳಿಗೆ ಒಂದೇ ಕಾಗದ, ಒಂದೇ ಒಕ್ಕಣೆ.

ಆ ವಾರ ಹೋಟೆಲಿನಲ್ಲಿ ಏಳು ಜನವೂ ಇದ್ದೆವು. ನಮ್ಮ ಯಂತ್ರಗಳ ವೈರು, ಸ್ಟೆಬಿಲೈಜರ್ ನೋಡಿಕೊಳ್ಳುತ್ತಿದ್ದ ರೇಡಿಯೊ ರಿಪೇರಿ ಅಂಗಡಿಯ ಸಾಹೇಬರೂ ಬಂದು ಕೂತಿದ್ದರು. ಕಾಗದವನ್ನು ಒಬ್ಬರಾದ ಮೇಲೆ ಒಬ್ಬರು ಓದಿದೆವು, ಏಳರಲ್ಲೂ ಅದೇ ಇದೆ ಎಂದು ಗೊತ್ತಿದ್ದರೂ.

"ಒಳ್ಳೇದೇ ಆಯ್ತಲ್ಲ. ದೊಡ್ಡ ಕಂಪನಿ ಅಂದ್ರೆ ಜನ ಜಾಸ್ತಿ ಇರ್ತಾರೆ," ಎಂದ ನಮ್ಮಲ್ಲಿ ಕಿರಿಯವನು.

"ಜನ ಜಾಸ್ತಿ ಇದ್ರೆ ಫೋನ್ ಯಾರು ಎತ್ತೋದು ಅಂತ ಅವರಲ್ಲೇ ಜಗಳ ಮಾರಾಯ," ಎಂದರು ಗೋಣಿಬೀಡಿನ ಹಿರಿಯ ರೈಟರು. "ನಾನು ನಾಳೆಯಿಂದ ಪುಸ್ತಕ ತೆಗೀತೇನೆ. ನನ್ನ ಪುಸ್ತಕ ಅಟ್ಟದಲ್ಲೇ ಉಂಟು."

ಸಾಹೇಬರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ನನಗೊಂದು ಅರ್ಥ ಆಗ್ಲಿಲ್ಲ. ಕಂಪನಿ ಮುಚ್ಚಿದ್ರೂ ಅವರು ಮಾಡಿದ ರೇಡಿಯೊ ಹಾಡ್ತದೆ. ನನ್ನ ಅಂಗಡೀಲಿ ಅಂಥವು ಎಷ್ಟೋ ಅವೆ. ಇದೆಂಥ ಸಾಮಾನು ರೈಟ್ರೆ, ಅಲ್ಲಿ ಅಂಗಡಿ ಮಾರಿದ್ರೆ ಇಲ್ಲಿ ನಿಮ್ಮ ಮನೇಲಿರೋದು ಸಾಯ್ತದೆ?"

ಅಷ್ಟರಲ್ಲಿ ಕಳಸದ ಕಡೆಯ ಒಂದು ತೋಟದ ರೈಟರು ಒಳಗೆ ಬಂದರು. ಅವರದು ಮೊದಲಿನಿಂದಲೂ ದೊಡ್ಡ ಕಂಪನಿಯ ಪ್ರೋಗ್ರಾಂ. ಅದಕ್ಕಾಗಿ ಅವರನ್ನು ನಾವು ಹಿಂದೆ ಬಹಳ ಕೆಣಕಿದ್ದೆವು. ಅವರ ಪ್ರೋಗ್ರಾಂನಲ್ಲಿ ಒಂದು ತಪ್ಪಿಗೆ ಇಡೀ ದಿನದ ಹಾಜರಿಯನ್ನು ಮತ್ತೆ ಹೊಡೆಯಬೇಕಿತ್ತು.

"ಏನು, ಎಲ್ಲ ತಿಥಿ ಊಟಕ್ಕೆ ಕೂತಂಗೆ ಕೂತಿದ್ದೀರಿ," ಎಂದು ಕುರ್ಚಿ ಎಳೆದುಕೊಂಡರು. "ಬನ್ನಿ ಬನ್ನಿ, ಕೊನೆಗೂ ನಮ್ಮ ದಾರಿಗೆ ಬಂದ್ರಿ. ನಮ್ಮದು ಎತ್ತಿನಗಾಡಿ, ನಿಮ್ಮದು ಮೋಟಾರು ಅಂತಿದ್ರಲ್ಲ. ಈಗ ಗಾಡಿ ಹತ್ತಿ ಮಾರಾಯ್ರೆ, ಜಾಗ ಉಂಟು."

"ನಿಮ್ಮದರಲ್ಲಿ ಯಾರ ಜಾಗ ಅಂತ ಇದೆಯಾ?" ಎಂದು ನಾನು ಕೇಳಿದೆ.

"ಅದೆಂಥದು?"

ನಾನು ವಿವರಿಸಿದೆ. ಅವರ ನಗು ನಿಂತಿತು. "ಇಲ್ಲ. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ನಂಬರಿಗೆ ಒಬ್ಬರು, ಅವರು ಹೋದ್ರೆ ನಂಬರೂ ಹೋಯ್ತು," ಎಂದರು.

ಆ ದಿನವೇ ಏಳು ಜನ ಸೇರಿ ಕಂಪನಿಗೆ ಒಂದು ಕಾಗದ ಬರೆದೆವು. ಹಳೆಯ ಪ್ರೋಗ್ರಾಂ ನಮಗೆ ಸಾಕು, ಕೀಲಿ ಕಳಿಸಿದರೆ ಸಾಕು, ಬೇರೇನೂ ಬೇಡ ಎಂದು. ಬರೆದವನು ನಾನು. ಮೂರು ವಾರಕ್ಕೆ ಉತ್ತರ ಬಂತು. ಹಳೆಯ ಪ್ರೋಗ್ರಾಂ ನಿಲ್ಲಿಸಲಾಗಿದೆ, ಅದರಲ್ಲಿರುವುದನ್ನೆಲ್ಲ ಹೊಸದಕ್ಕೆ ದಾಟಿಸಿಕೊಡಲು ನಮ್ಮ ಮನುಷ್ಯ ಬರುತ್ತಾನೆ ಎಂದಿತ್ತು. ಏಳು ಜನ ಸಹಿ ಮಾಡಿದ ಕಾಗದಕ್ಕೆ ಏಳು ಲಕೋಟೆಗಳಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಬಂದಿತ್ತು. ಆಮೇಲೆ ನಾವು ಒಟ್ಟಿಗೆ ಬರೆಯಲಿಲ್ಲ. ಗೋಣಿಬೀಡಿನವರು ಅಟ್ಟದಿಂದ ಪುಸ್ತಕ ಇಳಿಸಿದರು. ಇಬ್ಬರು ಹೊಸದನ್ನು ತಕ್ಷಣ ಒಪ್ಪಿದರು. ಒಬ್ಬರು ಯಂತ್ರದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ, ಯಂತ್ರಕ್ಕೆ ಹಳೆಯ ವರ್ಷವೇ ನಡೆಯುತ್ತಿದೆ ಎಂದು ನಂಬಿಸಿ ಕೆಲವು ತಿಂಗಳು ತಳ್ಳಿದರು. ಅವರ ತೋಟದಲ್ಲಿ ಏಪ್ರಿಲ್ ಎರಡು ಸಲ ಬಂತೆಂದು ತಮಾಷೆ ಮಾಡುತ್ತಿದ್ದೆವು. ಸಂತೆಯ ದಿನ ಹೋಟೆಲಿಗೆ ಬರುವವರು ಕಡಿಮೆಯಾದರು. ನಮ್ಮನ್ನು ಸೇರಿಸಿದ್ದು ಆ ಪ್ರೋಗ್ರಾಂ ಒಂದೇ ಎಂಬುದು ಅದು ಹೋದಾಗ ಗೊತ್ತಾಯಿತು.

ನನ್ನ ಬಳಿ ಆ ಹುಡುಗನ ಚಿಕ್ಕಪ್ಪನ ಮನೆಯ ಫೋನ್ ನಂಬರು ಇತ್ತು. ಒಂದು ಭಾನುವಾರ ಮೂಡಿಗೆರೆಯ ಅಂಚೆ ಕಚೇರಿಯ ಪಕ್ಕದಲ್ಲಿದ್ದ ಪರಿಚಯದವರ ಮನೆಯಿಂದ ಟ್ರಂಕ್ ಕಾಲ್ ಬುಕ್ ಮಾಡಿ ಕಾದೆ. ಎರಡೂವರೆ ಗಂಟೆಗೆ ಲೈನ್ ಸಿಕ್ಕಿತು. ಅವನು ಈ ಸಲ ಮಳೆಯ ವಿಚಾರ ಕೇಳಲಿಲ್ಲ.

"ನಾನೂ ಈಗ ಅವರಲ್ಲೇ ಇದ್ದೇನೆ ಸಾರ್," ಎಂದ. "ಬೇರೆ ಕೆಲಸ ಕೊಟ್ಟಿದ್ದಾರೆ. ಬ್ಯಾಂಕಿನದು."

"ಒಂದು ಕೀಲಿ ಮಾಡಿ ಕೊಡೋಕೆ ಆಗಲ್ವಾ? ನಿಮ್ಮ ಕೈಯಲ್ಲಿ ಆದದ್ದಲ್ವಾ ಅದು?"

"ನನ್ನ ಕೈಯಲ್ಲಿ ಆದದ್ದು ಹೌದು. ನನ್ನದಲ್ಲ ಈಗ. ಮುಟ್ಟೋ ಹಾಗಿಲ್ಲ ಅಂತ ಸಹಿ ಹಾಕಿಸಿಕೊಂಡಿದ್ದಾರೆ."

"ಯಾರ ಜಾಗ ಅನ್ನೋ ಕಾಲಂ ಹೊಸದರಲ್ಲಿ ಹಾಕಿಸಿ ಹಾಗಾದ್ರೆ."

"ಕೇಳಿದೆ ಸಾರ್. ಎಷ್ಟು ತೋಟಕ್ಕೆ ಬೇಕು ಅಂದ್ರು. ಒಂದಕ್ಕೆ ಅಂದೆ."

ಮೂರು ನಿಮಿಷ ಆಯಿತೆಂದು ಆಪರೇಟರ್ ಹೇಳಿದಳು.

ಹೊಸ ಕಂಪನಿಯ ಮನುಷ್ಯ ಜೂನಿಗೆ ಮೊದಲು ಬಂದ. ಅವನಿಗೆ ಆ ದಿನ ಇನ್ನೂ ಎರಡು ತೋಟಗಳಿಗೆ ಹೋಗಬೇಕಿತ್ತು. ಕೆಟ್ಟವನಲ್ಲ. ಮಾಡುವ ಕೆಲಸ ಚೆನ್ನಾಗಿ ಗೊತ್ತಿತ್ತು. ತನ್ನ ಫ್ಲಾಪಿ ಹಾಕಿ ಹಳೆಯದರಿಂದ ಹೊಸದಕ್ಕೆ ದಾಟಿಸತೊಡಗಿದ. ಹೆಸರುಗಳು ಪರದೆಯ ಮೇಲೆ ಓಡಿದವು. ನಡುವೆ ಒಂದು ಕಡೆ ನಿಂತಿತು. ಈ ನಂಬರಿನಲ್ಲಿ ಇಬ್ಬರಿದ್ದಾರೆ, ಮೊದಲನೆಯವರನ್ನು ಉಳಿಸಿಕೊಳ್ಳಲೇ ಎಂದು ಕೇಳಿತು.

"ಹೌದು ಅಂತ ಒತ್ತಿ ಸಾರ್," ಎಂದ ಅವನು. ಅವನು ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುತ್ತಿದ್ದ.

"ಇಬ್ಬರೂ ಬೇಕಲ್ಲ?"

"ಒಂದು ನಂಬರಿಗೆ ಒಬ್ರೇ ಸಾರ್. ಇಲ್ಲ ಅಂದ್ರೆ ಮುಂದೆ ಹೋಗಲ್ಲ. ಹೆಸರು ಆಮೇಲೆ ತಿದ್ಕೊಳ್ಳಿ."

ಮೊದಲನೆಯವರು ಎಂದರೆ ಹಳಬರು, ತಾಯಂದಿರು. ಅವರನ್ನು ಉಳಿಸಿಕೊಂಡರೆ ಸೇರಿದ ತಾರೀಖಾದರೂ ಉಳಿಯುತ್ತದೆ, ಹೆಸರನ್ನು ಆಮೇಲೆ ಬದಲಿಸಬಹುದು ಎಂದು ನಾನು ಯೋಚಿಸಿದೆ. ಯೋಚಿಸಿಯೇ ಒತ್ತಿದೆ. ಹನ್ನೊಂದು ಸಲ ಒತ್ತಿದೆ. ಹಳೆಯ ಪ್ರೋಗ್ರಾಂ ಇನ್ನು ಜಾಗ ತಿನ್ನುತ್ತದೆಂದು ಅವನು ಅದನ್ನು ಅಳಿಸಿದ. ಬೂಷ್ಟಿನ ಭಯಕ್ಕೆ ನಾನು ಬಲ್ಬಿನ ಕಪಾಟಿನಲ್ಲಿ ಕಾಪಾಡಿದ್ದ ನಕಲು ಫ್ಲಾಪಿಗಳು ಇದ್ದವು. ಅವನ್ನು ತೆರೆಯುವ ಪ್ರೋಗ್ರಾಂ ಇರಲಿಲ್ಲ, ಇದ್ದಿದ್ದರೂ ಕೀಲಿ ಇರಲಿಲ್ಲ.

ಅವನು ಹೋದ ಮೇಲೆ ಹೆಸರು ತಿದ್ದಲು ಕೂತೆ. ನೂರಾ ಹದಿನೆಂಟರಲ್ಲಿ ತಾಯಿಯ ಹೆಸರು ಅಳಿಸಿ ಮಗಳ ಹೆಸರು ಹೊಡೆದೆ. ಸೇರಿದ ತಾರೀಖು ತಾನಾಗಿ ಆ ದಿನದ ತಾರೀಖಾಯಿತು. ಹಿಂದಿನ ತಾರೀಖು ಹೊಡೆದರೆ ಯಂತ್ರ ತೆಗೆದುಕೊಳ್ಳುತ್ತಿರಲಿಲ್ಲ. ಹೊಸ ಹೆಸರಿಗೆ ಹಳೆಯ ತಾರೀಖು ಇಲ್ಲ ಎಂದು ಅದರ ನಿಯಮ. ಮತ್ತೆ ತಾಯಿಯ ಹೆಸರು ಹಾಕಿದೆ. ಎಪ್ಪತ್ತು ದಾಟಿದೆ, ನಿವೃತ್ತಿಯ ಪಟ್ಟಿಗೆ ಸೇರಿಸಲೇ ಎಂದು ಕೇಳಿತು. ಹಳೆಯ ಹೆಸರಿಟ್ಟರೆ ಸತ್ತುಹೋದ ಮುದುಕಿ, ಹೊಸ ಹೆಸರಿಟ್ಟರೆ ಇವತ್ತು ಸೇರಿದ ಆಳು. ನಡುವೆ ಬೇರೆ ಯಾರೂ ಇರಲಿಲ್ಲ. ಸಂಜೆಯವರೆಗೆ ಎರಡನ್ನೂ ಮತ್ತೆ ಮತ್ತೆ ಮಾಡಿ ನೋಡಿ, ಕೊನೆಗೆ ಹೊಸ ಹೆಸರಿಟ್ಟು ಎದ್ದೆ. ಕಂಪನಿಗೆ ಫೋನ್ ಮಾಡಿದರೆ ಒಬ್ಬಳು ಹೆಣ್ಣುಮಗಳು ದೂರಿನ ನಂಬರು ಬರೆದುಕೊಳ್ಳಿ ಎಂದಳು. ಬರೆದುಕೊಂಡೆ. ಆ ನಂಬರು ಈಗಲೂ ನೆನಪಿದೆ. ಅದರಿಂದ ಏನೂ ಆಗಲಿಲ್ಲ.

ಹನ್ನೊಂದರಲ್ಲಿ ಹತ್ತು ಜನರಿಗೆ ಇದರಿಂದ ಮನೆಯ ತೊಂದರೆಯಾಗಲಿಲ್ಲ. ಅವರ ಗಂಡಂದಿರು ನಮ್ಮಲ್ಲೇ ಖಾಯಂ ಆಳುಗಳು, ಮನೆ ಗಂಡನ ನಂಬರಿನ ಮೇಲಿತ್ತು. ಮನೆ ತನ್ನ ನಂಬರಿನ ಮೇಲೇ ಇದ್ದದ್ದು ಇವಳೊಬ್ಬಳದು.

ಆ ವರ್ಷ ಸಣ್ಣ ಸಾಹುಕಾರರು ಖಾಯಂ ಆಳುಗಳನ್ನು ಕಡಿಮೆ ಮಾಡುವ ಯೋಚನೆಯಲ್ಲಿದ್ದರು. ಕೊಯ್ಲಿಗೆ ಹೊರಗಿನಿಂದ ಗುತ್ತಿಗೆ ಆಳು ತರಿಸುವುದು ಸುಲಭವೆಂದು ಸುತ್ತಲಿನ ತೋಟದವರು ಹೇಳುತ್ತಿದ್ದರು. ಗುತ್ತಿಗೆಯವರನ್ನು ಇರಿಸಲು ಮನೆಗಳು ಬೇಕಿದ್ದವು. ಹೊಸದಾಗಿ ಸೇರಿದವರನ್ನು ಮೊದಲು ತೆಗೆಯುವುದೆಂದು ಅವರು ಪಟ್ಟಿ ಮುದ್ರಿಸಲು ಹೇಳಿದರು. ಅಗಲ ಕಾಗದದಲ್ಲಿ ಪಟ್ಟಿ ಹೊರಬಂತು. ಈ ವರ್ಷ ಸೇರಿದವರು ಎಂಬ ತಲೆಬರಹದ ಕೆಳಗೆ ಹನ್ನೊಂದು ಹೆಸರುಗಳು ಇದ್ದವು.

"ಇದು ಪ್ರೋಗ್ರಾಂನ ತಪ್ಪು ಸಾರ್," ಎಂದೆ. "ನೂರಾ ಹದಿನೆಂಟು ನಾನು ಬರೋದಕ್ಕೂ ಮುಂಚಿನಿಂದ ಇರುವವಳು."

"ಯಾವಾಗಿನಿಂದ?" ಎಂದು ಕೇಳಿದರು.

ನಾಲ್ಕು ವರ್ಷದ ಹಿಂದೆ, ನಂಬರು ಅವಳ ಕೈಗೆ ಬಂದ ತಾರೀಖನ್ನು ಹಳೆಯ ಪುಸ್ತಕದಲ್ಲಿ ನನ್ನ ಕಣ್ಣಾರೆ ಓದಿ ಯಂತ್ರಕ್ಕೆ ತುಂಬಿದ್ದೆ. ಅರವತ್ತರ ದಶಕದ ಕೊನೆ ಎಂಬುದು ನೆನಪಿತ್ತು. ಅರವತ್ತೇಳೋ, ಎಂಟೋ, ಒಂಬತ್ತೋ. ಮೂರರಲ್ಲಿ ಯಾವುದೆಂದು ಆಣೆ ಮಾಡಿ ಹೇಳಲಾರೆ.

"ಅಂದಾಜಿಗೆ ಪಟ್ಟಿ ತಿದ್ದೋಕೆ ಆಗಲ್ಲ," ಎಂದರು ಅವರು. ದನಿ ಏರಿಸಲಿಲ್ಲ. "ದಾಖಲೆ ಇದ್ರೆ ತೋರಿಸಿ, ಒಪ್ತೇನೆ. ಪುಸ್ತಕ ಹಾಕಿಬಿಡೋಣ ಅಂದವರು ನೀವೇ ಅಲ್ವಾ?"

ಪಿ.ಎಫ್. ಕಾಗದ ನೋಡಿದೆ. ಅದು ಮೊದಲಿನಿಂದಲೂ ತಾಯಿಯ ಹೆಸರಿನಲ್ಲೇ ಮುಂದುವರಿದಿತ್ತು; ನಂಬರು ಒಂದೇ ಆದ್ದರಿಂದ ಯಾರೂ ಬದಲಿಸಿರಲಿಲ್ಲ. ಕಪಾಟಿನಲ್ಲಿ ಉಳಿದಿದ್ದ ಪುಸ್ತಕಗಳಲ್ಲಿ ನೂರಾ ಹದಿನೆಂಟು ಎಂದು ಮಾತ್ರ ಇತ್ತು. ಹೆಸರು ಬರೆಯುವುದನ್ನು ಬೇಗ ಆಗಲೆಂದು ನಾನೇ ಬಿಟ್ಟಿದ್ದೆ. ಅವಳನ್ನು ಕರೆದುಕೊಂಡು ಮೂಡಿಗೆರೆಯ ಯೂನಿಯನ್ ಆಫೀಸಿಗೆ ಹೋದೆ. ಸಾಹುಕಾರರಿಗೆ ತಿಳಿದರೆ ಏನಾಗಬಹುದೆಂದು ದಾರಿಯುದ್ದಕ್ಕೂ ಯೋಚನೆ ಇತ್ತು. ಅಲ್ಲಿದ್ದವರು ಚೆನ್ನಾಗಿಯೇ ಮಾತಾಡಿಸಿ ಟೀ ಕೊಟ್ಟರು.

"ಎಷ್ಟು ವರ್ಷ ಆಯ್ತಮ್ಮ ಕೆಲಸಕ್ಕೆ ಸೇರಿ?" ಎಂದು ಕೇಳಿದರು.

"ಪಲ್ಪರ್ ಮನೆ ಮೇಲೆ ಸಿಲ್ವರ್ ಮರ ಬಿತ್ತಲ್ಲ, ಆ ವರ್ಷ," ಎಂದಳು.

"ಅದು ಯಾವ ಇಸವಿ?"

ಅವಳು ನನ್ನ ಮುಖ ನೋಡಿದಳು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮನೆಯ ಮೇಲೆ ಮರ ಬಿದ್ದದ್ದು ನಾನು ಬರುವುದಕ್ಕೆ ಮೊದಲು. ಅದನ್ನು ನೋಡಿದ್ದ ಮೇಸ್ತ್ರಿ ಸತ್ತಿದ್ದ. ಇನ್ನಿಬ್ಬರು ಮುದುಕಿಯರಿದ್ದರು, ಅವರು ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಿದ್ದರು. ಕಾಗದ ಒಂದೂ ಇಲ್ಲದೆ ಮುಂದೆ ಹೋಗುವುದು ಕಷ್ಟ, ಆದರೂ ಬರೆದು ಕಳಿಸುತ್ತೇವೆ ಎಂದರು ಯೂನಿಯನ್ನಿನವರು. ಬರೆದಿರಲೂಬಹುದು.

ಬಸ್ ಸ್ಟ್ಯಾಂಡಿನಲ್ಲಿ ಕಳಸದ ರೈಟರು ಸಿಕ್ಕರು. ಮೊದಲಿನ ಗೆಲುವು ಇರಲಿಲ್ಲ. "ನಮ್ಮದೂ ನಿಲ್ಲಿಸ್ತಾರಂತೆ ಮಾರಾಯ್ರೆ," ಎಂದರು. "ಎರಡೂ ಸೇರಿಸಿ ಮೂರನೇದು ಒಂದು ಮಾಡ್ತಾರಂತೆ. ನಾನು ಎಂಟು ತಿಂಗಳು ಕೂತು ಹೊಡೆದದ್ದು." ನಾನು ಅವರನ್ನು ಕೆಣಕಲಿಲ್ಲ. ಅವಳಿಗೆ ಅವರ ತೋಟದಲ್ಲಿ ಜಾಗ ಸಿಕ್ಕೀತೇ ಎಂದು ಕೇಳಿದೆ. ಖಾಯಂ ಆಗಿ ಇಲ್ಲ, ಕೊಯ್ಲಿನ ಕಾಲಕ್ಕೆ ಬಂದರೆ ನೋಡೋಣ, ಹಿಂದಿನ ತೋಟದಿಂದ ಎಷ್ಟು ವರ್ಷ ಕೆಲಸ ಮಾಡಿದ್ದಾಳೆಂದು ಒಂದು ಕಾಗದ ಬೇಕು ಎಂದರು. ಹೆಚ್ಚು ವರ್ಷವಿದ್ದರೆ ಇರಲು ಒಂದು ಕೋಣೆಗೆ ತಮ್ಮ ಸಾಹುಕಾರರನ್ನು ಕೇಳಬಹುದು ಎಂದೂ ಹೇಳಿದರು.

ಅವಳ ನಂಬರನ್ನು ಖಾಯಂ ಪಟ್ಟಿಯಿಂದ ತೆಗೆದು, ಮನೆ ಬಿಡಲು ಅವಳಿಗೆ ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಆ ದಿನಗಳಲ್ಲೂ ಅವಳು ಹಾಜರಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದಳು. ನನ್ನ ಕೈಯಲ್ಲಿ ಹೊಸ ಪಟ್ಟಿ. ನೂರಾ ಹದಿನೇಳು ಎನ್ನುತ್ತಿದ್ದೆ, ನೂರಾ ಹತ್ತೊಂಬತ್ತು ಎನ್ನುತ್ತಿದ್ದೆ. ಎಲ್ಲರೂ ಹೊರಟ ಮೇಲೆ ಅವಳೂ ಅವರ ಹಿಂದೆ ಹೋಗಿ ಕೆಲಸ ಮಾಡಿ ಬರುತ್ತಿದ್ದಳು. ನಾಲ್ಕನೆಯ ದಿನ ಮೇಸ್ತ್ರಿ, "ಸುಮ್ನೆ ಯಾಕಮ್ಮ ಕೈ ನೋಯಿಸ್ಕೋತೀಯ," ಎಂದ. ಮರುದಿನದಿಂದ ಬರಲಿಲ್ಲ.

ತಿಂಗಳ ಕೊನೆಯ ದಿನ ಆಫೀಸಿನ ಬಾಗಿಲಿಗೆ ಬಂದಳು. ಬಟ್ಟೆಯ ಗಂಟು, ಎರಡು ಪಾತ್ರೆ ಹೊರಗೆ ಕಟ್ಟೆಯ ಮೇಲಿದ್ದವು. ಕಳಸದವರು ಕೇಳಿದ ಕಾಗದ ಬರೆದುಕೊಡಿ ಎಂದಳು. ತೋಟದ ಮೊಹರು ಹಾಕುವ ಅಧಿಕಾರ ನನಗಿರಲಿಲ್ಲ. ನನ್ನ ಹೆಸರಿನಲ್ಲಿ, ನನ್ನ ಕೈಬರಹದಲ್ಲಿ ಬರೆಯಲು ಕೂತೆ.

ರೈಟರ್ ಆದವನು ತನಗೆ ಖಚಿತವಾಗಿ ತಿಳಿದದ್ದನ್ನು ಮಾತ್ರ ಬರೆಯಬೇಕು ಎಂದು ನಾನು ಕಲಿತಿದ್ದೆ. ಹಾಗೆಯೇ ಬಾಳಿದ್ದೆ. ಇಷ್ಟು ವರ್ಷ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಇಪ್ಪತ್ತು ಎಂದು ಬರೆಯಬಹುದಿತ್ತು. ಅದು ನಿಜಕ್ಕೆ ಹತ್ತಿರವಿತ್ತು, ಯಾರೂ ಸುಳ್ಳೆಂದು ತೋರಿಸಲಾಗುತ್ತಿರಲಿಲ್ಲ. ನನ್ನ ಕಣ್ಣಿನ ಮುಂದೆ ಅವಳು ಕೆಲಸ ಮಾಡಿದ್ದು ಹದಿಮೂರು ವರ್ಷ. ನಾನು ಹದಿಮೂರು ಎಂದು ಬರೆದೆ. ಸಹಿ ಹಾಕಿ, ಮಸಿ ಒಣಗಲೆಂದು ಸ್ವಲ್ಪ ಹೊತ್ತು ಹಿಡಿದುಕೊಂಡು, ಕೊಟ್ಟೆ.

ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿದಳು. "ನಂಗೆ ಓದಾಕ್ ಬರಲ್ಲ ರೈಟ್ರೆ. ಎಷ್ಟು ಅಂತ ಬರ್ದ್ರಿ?"

"ಹದಿಮೂರು."

ಅವಳು ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಲೆಕ್ಕ ಹಾಕುತ್ತಿದ್ದಳೋ ಏನೋ. "ಅವ್ವಂದು?" ಎಂದು ಕೇಳಿದಳು.

"ಅದು ನನಗೆ ಗೊತ್ತಿಲ್ಲ," ಎಂದೆ.

ಅವಳು ಕಾಗದವನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಗೋಣಿಬೀಡಿಗೆ ಹೋಗುವ ಜೀಪು ಬಂತು. ಗಂಟು ಎತ್ತಿಕೊಡಲು ನಾನು ಹೊರಗೆ ಬರುವಷ್ಟರಲ್ಲಿ ಅವಳೇ ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಕೊಯ್ಲಿನ ಕಾಲಕ್ಕೆ ಕಳಸದ ರೈಟರನ್ನು ವಿಚಾರಿಸಿದೆ. ಅವಳು ಬಂದಿದ್ದಳಂತೆ. ಕಾಗದವನ್ನು ಅವರೇ ಒಳಗೆ ಒಯ್ದು ತೋರಿಸಿದರಂತೆ. ಹದಿನೈದು ವರ್ಷಕ್ಕಿಂತ ಕಡಿಮೆಯಿದ್ದವರಿಗೆ ಕೋಣೆ ಕೊಡುವುದಿಲ್ಲವೆಂದು ಅವರ ಸಾಹುಕಾರರು ಹೇಳಿದರಂತೆ. ಅಲ್ಲಿಂದ ಅವಳು ಎಲ್ಲಿಗೆ ಹೋದಳೆಂದು ಅವರಿಗೆ ಗೊತ್ತಿರಲಿಲ್ಲ.